ಕೂರಿಸಿದರೆ ಅರ್ಧ ಎದ್ದಂಗೆ

ನಾನು ಗುದ್ದಲಿ ಹಿಡಿದು ಹೋದ ಕಡೆಯೆಲ್ಲ ಇಂಥದ್ದೊಂದು ನಡೆದೇ ನಡೆಯುತ್ತೆ. ಅಳೋಕೆ ಬಂದ ಜನ ಸೆರಗು ಬಾಯಿಗಿಟ್ಟು ನಗೋದು ನಿಮ್ಮಿಂದಲೇ ಅಂತ ನನ್ನ ಹೆಂಡತಿಯ ದೂರು. ನನ್ನ ತಪ್ಪೇನೂ ಇಲ್ಲ, ಎಲ್ಲ ನನ್ನ ಕೆಲಸದ ತಪ್ಪು.

ಕೆಲಸ ಏನಪ್ಪಾ ಅಂದ್ರೆ ಕುಣಿ ತೆಗೆಯೋದು. ನಮ್ಮಲ್ಲಿ ಸತ್ತವರನ್ನು ಸುಡೋದಿಲ್ಲ, ಮಲಗಿಸೋದೂ ಇಲ್ಲ. ಎಡಗೈಯಲ್ಲಿ ಲಿಂಗ ಇಟ್ಟು, ಚಕ್ಕಳಮಕ್ಕಳ ಹಾಕಿಸಿ, ಕೂರಿಸಿ ಮಣ್ಣು ಮಾಡ್ತೀವಿ. ಅದಕ್ಕೆ ಆಳುದ್ದ ಕುಣಿ ತೆಗೆದು, ಇಳಿಯೋಕೆ ಮೆಟ್ಟಿಲು ಕಡಿದು, ಅದರ ಗೋಡೆಯಲ್ಲಿ ಒಬ್ಬರು ಕೂರುವಷ್ಟು ಗೂಡು ಕೊರೀಬೇಕು. ಕೊರೆದವನು ಮೊದಲು ತಾನೇ ಒಳಗೆ ಕೂತು ಅಳತೆ ನೋಡಬೇಕು. ನನ್ನ ತಲೆ ಮೇಲಕ್ಕೆ ತಾಗದಿದ್ರೆ ಅವರದ್ದೂ ತಾಗಲ್ಲ. ನಮ್ಮಪ್ಪ ಹೇಳಿಕೊಟ್ಟ ಲೆಕ್ಕ ಇದು, ಬೇರೆ ಶಾಲೆ ನಾನು ಕಂಡಿಲ್ಲ.

ನಾನು ತೆಗೆದ ಕುಣಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿದ್ರೆ, ದಾವಣಗೆರೆಯಲ್ಲಿ ಇಳಿದವನು ನೆತ್ತಿಗೆ ಬಿಸಿಲು ತಾಗದಂಗೆ ನಡೆದು ಹರಿಹರದ ಹೊಳೆದಂಡೆಯಲ್ಲಿ ಏಳಬಹುದು. ಧೈರ್ಯದ ಮಾತು ಕೇಳಲೇಬ್ಯಾಡ್ರಿ. ಒಂದು ಸಲ ದಾರಿಯಲ್ಲಿ ಆಲಿಕಲ್ಲು ಮಳೆ ಹೊಡೆದು, ಹೊತ್ತವರೆಲ್ಲ ವಿಮಾನ ಇಳಿಸಿ ಮರದಡಿ ಓಡಿದ್ರು. ವಿಮಾನ ಅಂದ್ರೆ ಹೂ ಕಟ್ಟಿದ ಬಿದಿರಿನ ಮಂಟಪ, ಅದರಲ್ಲೇ ಕೂರಿಸಿ ಹೊರೋದು. ನಾನೊಬ್ಬನೇ ಅದರ ಪಕ್ಕ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದೆ. ಒಬ್ಬನೇ ತಿನ್ನಬಾರದು ಅಂತ ಒಳಗೆ ಕೂತಿದ್ದವರನ್ನೂ ಒಂದು ಮಾತು ಕೇಳಿದೆ.

ಅಂಥ ಧೈರ್ಯ ಕಳಕೊಂಡಿದ್ದು ದಾವಣಗೆರೆ ಜಿಲ್ಲೆಯಾದ ಮಾರನೇ ವರ್ಷ, ಹಾಡಹಗಲು, ನನ್ನ ಅಳಿಯನ ಕಂಪ್ಯೂಟರ್ ಮುಂದೆ.

ಹೆಣದ ಆಟ

ಅಳಿಯ ದೇವರಾಜ ಅರಸು ಬಡಾವಣೆಯಲ್ಲಿ, ಎಸ್‌ಟಿಡಿ ಬೂತಿನ ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸ್ ಇಟ್ಟಿದ್ದ. ಗುಡಿಗೆ ಹೋದಂಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಮಧ್ಯಾಹ್ನ ಕಲಿಯೋರು ಯಾರೂ ಇರಲಿಲ್ಲ.

"ಬರ್ರಿ ಮಾವ, ಕೂಡ್ರಿ. ಹೊಸ ಆಟ ಬಂದೈತೆ. ಬೇರೆ ಆಟದಾಗೆ ಹೆಣ ಎದ್ದು ಬಂದ್ರೆ ನಾವು ಓಡ್ಬೇಕು. ಇದ್ರಾಗೆ ನಾವೇ ಹೆಣ, ಜನ ಓಡ್ತಾರೆ. ನಿಮಗೆ ತಕ್ಕ ಆಟ."

"ನಾನು ಹೆಣವಾ? ಬಿಡ್ತು ಅನ್ನಪ್ಪ!"

ಬಿಡ್ತು ಅಂದ, ಆದರೆ ಆಟ ಬಿಡಲಿಲ್ಲ. ನನ್ನ ಬೆರಳನ್ನು ಗುಂಡಿ ಮೇಲೆ ಇಟ್ಟ. ಪರದೆ ಮೇಲೆ ಯಾವುದೋ ದೇಶದ ಸಮಾಧಿ, ಮಣ್ಣು ಅಲುಗಾಡ್ತು, ಕೋಟು ಹಾಕಿದ ಹೆಣ ಮೇಲೆದ್ದು ಮೈ ಕೊಡವಿತು. ನಾನು ಗುಂಡಿ ಒತ್ತಿದ್ರೆ ಅದು ನಡೆಯೋದು, ಬಿಟ್ರೆ ನಿಲ್ಲೋದು. ಅಂಚೆಯವನೊಬ್ಬ ನನ್ನನ್ನು ನೋಡಿ ಸೈಕಲ್ ಬಿಸಾಕಿ ಓಡಿದ. ಹಿಡಿದವರೆಲ್ಲ ಹೆಣವಾಗಿ ನನ್ನ ಹಿಂದೆ ಸಾಲಾಗಿ ಬರೋರು. ಕ್ಷೌರದ ಅಂಗಡಿಗೆ ನುಗ್ಗಿದಾಗ ಗಿರಾಕಿ ಅರ್ಧ ಗಡ್ಡ ಬೋಳಿಸಿಕೊಂಡವನು ಹಾಗೇ ಸಾಲಿಗೆ ಸೇರಿದ, ಹಿಂದೆ ಕತ್ತಿ ಹಿಡಿದುಕೊಂಡು ಕ್ಷೌರದವನೂ ಬಂದ. ಸತ್ತರೂ ಕೆಲಸ ಅರ್ಧಕ್ಕೆ ಬಿಡಲಿಲ್ಲ, ಭೇಷ್ ಅಂದೆ.

ಅಷ್ಟರಲ್ಲಿ ಪಟ್ ಅಂತ ಏನೋ ಉದುರಿತು.

"ಮಾವ, ಎಡಗೈ ಬಿತ್ತು! ಎತ್ಕಳ್ರಿ, ಎತ್ಕಳ್ರಿ! ಕೈ ಇಲ್ದೆ ಬಾಗ್ಲು ತೆಗ್ಯಾಕಾಗಲ್ಲ!"

ಲಿಂಗ ಹಿಡಿಯೋ ಕೈ! ಗುಂಡಿ ಒತ್ತಿದೆ. ಹೆಣ ಬಲಗೈಯಲ್ಲಿ ತನ್ನ ಎಡಗೈ ಎತ್ತಿಕೊಂಡು, ಅದರಿಂದಲೇ ಬಾಗಿಲು ಬಡಿಯಿತು. ಅಳಿಯ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ.

ಗತ್ತು ಬಿಡಬಾರದು ಅಂತ ಹೇಳಿದೆ, "ನೋಡಪ್ಪ, ಅವರಿಗೆ ಕೆಲಸ ಗೊತ್ತಿಲ್ಲ. ಮಲಗಿಸಿ ಹೂಳ್ತಾರೆ, ಅದಕ್ಕೆ ಎದ್ದೇಳ್ತಾವೆ. ನಾನು ಕೂರಿಸಿದ್ದು ಒಂದಾದ್ರೂ ಎದ್ದೈತಾ ಕೇಳು."

ಅಳಿಯ ಪರದೆಯಿಂದ ಕಣ್ಣು ತೆಗೀದೇ ಅಂದ, "ಮಾವ, ಮಲಗಿದವ್ನು ಏಳಬೇಕಂದ್ರೆ ಮೊದ್ಲು ಎದ್ದು ಕೂಡ್ರಬೇಕು, ಆಮ್ಯಾಲೆ ನಿಂದ್ರಬೇಕು. ನೀವು ಕೂರಿಸೇ ಬರ್ತೀರಿ. ಅಂದ್ರೆ ಅವರ ಅರ್ಧ ಕೆಲಸ ನೀವೇ ಮುಗಿಸಿ ಬಂದಂಗಾತಲ್ಲ?"

ಗೋಡೆಗೊರಗಿದವಳು

ಆ ಮಾತು ಎದೆಯೊಳಗೆ ಗೂಡು ಕೊರೆದು ಕೂತುಬಿಟ್ಟಿತು. ನಮ್ಮಪ್ಪನ ಕಾಲದಿಂದ ದಾವಣಗೆರೆ ಹರಿಹರದ ನಡುವೆ ಕೂರಿಸಿದವರು ಎಷ್ಟು ಜನ! ಎಲ್ಲರೂ ಅರ್ಧ ಎದ್ದವರೇ. ಮೊಣಕಾಲಿಗೆ ಕೈ ಊರಿ 'ಶಿವಾ' ಅಂದ್ರೆ ಆಯ್ತು, ನಿಂತೇಬಿಡ್ತಾರೆ.

ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮೂರನೇ ದಿನ ಮಧ್ಯಾಹ್ನ ಮನೆಗೆ ಬಂದ್ರೆ ಪಡಸಾಲೆಯಲ್ಲಿ ಹೆಂಡತಿ ಗೋಡೆಗೊರಗಿ ಕೂತಿದ್ದಾಳೆ. ಚಕ್ಕಳಮಕ್ಕಳ ಕಾಲು, ಹಣೆ ತುಂಬ ವಿಭೂತಿ, ಎಡಗೈ ತೊಡೆ ಮೇಲೆ, ಕಣ್ಣು ಮುಚ್ಚೈತೆ. ನಾನು ಎಷ್ಟೋ ಜನರನ್ನು ಹೀಗೇ ಕೂರಿಸಿದ್ದೆ, ನನ್ನ ಕೈಯಲ್ಲೂ ಇಷ್ಟು ನೆಟ್ಟಗೆ ಯಾರೂ ಕೂತಿರಲಿಲ್ಲ. ನೋಡ್ತಾ ಇದ್ದಂಗೆ ಮೊಣಕಾಲಿಗೆ ಕೈ ಊರಿ, "ಶಿವಾ..." ಅಂತ ಎದ್ದಳು.

ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದು ಸಂಜೆ ನಿಜಲಿಂಗಪ್ಪ ಬಡಾವಣೆಯಲ್ಲಿ ಸಿಕ್ಕಿತು ಅಂತಾರೆ.

"ಯಾಕ್ರಿ? ಏನಾತು? ಗುದ್ದಲಿ ಯಾಕ ಎತ್ತೀರಿ?"

"ನೀನು... ಸತ್ತಿಲ್ವಾ?"

ಪೂಜೆ ಮುಗಿಸಿ ಕೂತಲ್ಲೇ ತೂಕಡಿಸಿದ್ದಳಂತೆ. ನಡೆದದ್ದೆಲ್ಲ ಹೇಳಿದೆ. ಅವಳು ಸೆರಗು ಕೊಡವಿ, "ನಾನು ಸತ್ತ ಮ್ಯಾಲೆ ಎದ್ದು ಬರ್ತೀನಂತ ಹೆದರಬ್ಯಾಡ್ರಿ. ಬದುಕಿದ್ದಾಗ್ಲೇ ನಿಮ್ಮ ಸಹವಾಸ ಸಾಕಾಗೈತೆ" ಅಂದಳು.

ಕೂಡ್ರಿ, ಕೂಡ್ರಿ

ಮಾರನೇ ದಿನವೇ ನಿಜಲಿಂಗಪ್ಪ ಬಡಾವಣೆಯಿಂದ ಕರೆ ಬಂತು. ತುಂಬು ಬಾಳು ಬಾಳಿದ ಹಿರಿಯರು. ನಡುಮನೆಯಲ್ಲಿ ರುಮಾಲು ಸುತ್ತಿ, ಶಾಲು ಹೊದಿಸಿ ಕೂರಿಸಿದ್ರು. ಸೆಕೆಯ ದಿನ, ಪಕ್ಕದಲ್ಲೊಂದು ಟೇಬಲ್ ಫ್ಯಾನು ಅತ್ತ ಇತ್ತ ಕತ್ತು ತಿರುಗಿಸ್ತಾ ಇತ್ತು. ನಮ್ಮ ಅಯ್ಯನೋರು, ಅಂದ್ರೆ ಸಾವಿನ ಮನೆಯ ಪೂಜೆ ಮಾಡೋ ಹಿರಿಯರು, ಅಲ್ಲೇ ಇದ್ರು. ಹರಿಹರದ ಕುಣಿ ತೆಗೆಯೋನೂ ಬಂದಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನ ಗುದ್ದಲಿ ಮೇಲೆ ಬಹಳ ದಿನದಿಂದ ಅವನ ಕಣ್ಣಿತ್ತು.

"ಹಿಡಿಯಪ್ಪ, ವಿಮಾನಕ್ಕೆ ಕೂರ್ಸು" ಅಂದ್ರು ಅಯ್ಯನೋರು.

ನಾನು ಬಗ್ಗಿ ಎರಡೂ ಕಂಕುಳಿಗೆ ಕೈ ಹಾಕಿದ್ದೆ. ಫ್ಯಾನು ಈ ಕಡೆ ತಿರುಗಿತು. ಶಾಲು ಉಬ್ಬಿ, ಅದರ ಅಂಚು ಬಂದು ನನ್ನ ಕೆನ್ನೆ ಸವರಿತು.

ನಾನು ಎರಡು ಮಾರು ಹಿಂದಕ್ಕೆ ಹಾರಿ, ಕೈ ಮುಗಿದು, "ಕೂಡ್ರಿ, ಕೂಡ್ರಿ! ನನಗಾಗಿ ಏಳಬ್ಯಾಡ್ರಿ ಯಜಮಾನ್ರೆ, ಕೂಡ್ರಿ!" ಅಂದೆ.

ಅಳು ನಿಂತಿತು. ಚಿತ್ರದುರ್ಗದಿಂದ ಆಗಷ್ಟೇ ಬಂದ ಬೀಗರು ಬಾಗಿಲಲ್ಲಿದ್ರು. ತಮಗೇ ಹೇಳಿದ್ದು ಅಂದುಕೊಂಡು, "ಇರ್ಲಿ ಬಿಡ್ರಿ, ಇಂಥ ಹೊತ್ತಿನಾಗೆ ಉಪಚಾರ ಯಾಕ" ಅಂತ ಚಾಪೆ ಮೇಲೆ ಕೂತರು.

ಹರಿಹರದವನು ಮೀಸೆಯಡಿ ನಕ್ಕ. ಅಯ್ಯನೋರು ಮಾತ್ರ ನಗಲಿಲ್ಲ. ಮಣ್ಣು ಮಾಡಿ ಬರುವಾಗ ನನ್ನನ್ನು ಬದಿಗೆ ಕರೆದ್ರು.

"ನೋಡಪ್ಪ, ಓಡೋ ಕಾಲು ಕುಣಿಯಾಗೆ ನಿಲ್ಲಲ್ಲ. ಹೆಣ ಕಂಡು ಓಡಿದವ್ನ ಕೈಯಾಗೆ ಗುದ್ದಲಿ ಇರಬಾರ್ದು, ಇದು ನಮ್ಮ ಪದ್ಧತಿ. ಇನ್ನೊಂದು ಸಲ ಹಿಂಗಾದ್ರೆ ಈ ಕೆಲಸ ಹರಿಹರದವನಿಗೆ."

ಹೋಗಲಿ ಅನ್ನೋಕೆ ಅದು ಬರೀ ಕೆಲಸ ಅಲ್ಲ. ಅದು ನಮ್ಮಪ್ಪನ ಗುದ್ದಲಿ. 'ಮುದುಕ ಹೆದರಿದ' ಅಂತ ಒಂದು ಸಲ ಹೆಸರು ಬಂದ್ರೆ ಊರಲ್ಲಿ ನನ್ನ ಯಾವ ಕಥೆಯನ್ನೂ ಯಾರೂ ನಂಬೋದಿಲ್ಲ. ಈಗಲೇ ಅರ್ಧ ಜನ ನಂಬಲ್ಲ.

ಹರಿಹರದ ಗದ್ದೆ

ವಾರ ಕಳೀಲಿಲ್ಲ, ಎಸ್.ಎಸ್. ಬಡಾವಣೆಯ ಸಾವ್ಕಾರರು ಹೋಗಿಬಿಟ್ರು. ಹರಿಹರದ ಹೊಳೆ ಹತ್ತಿರ ಅವರ ಗದ್ದೆ, ಅಲ್ಲೇ ಮಣ್ಣು ಮಾಡಬೇಕು. ನಾನು ಬೆಳಗಿನ ಬಸ್ಸಿಗೇ ಹೋಗಿ, ಇಬ್ಬರು ಆಳುಗಳ ಜೊತೆ ಕುಣಿ ತೆಗೆದೆ. ಗೂಡು ಕೊರೆದೆ. ಆಳುಗಳು ಚಾ ಕುಡಿದು ಮೆರವಣಿಗೆ ಜೊತೆಗೇ ಬರ್ತೀವಿ ಅಂತ ರಸ್ತೆಗೆ ಹೋದ್ರು.

ಇನ್ನು ಕೂತು ಅಳತೆ ನೋಡಬೇಕು. ಕುಣಿ ಸುತ್ತ ಎರಡು ಸುತ್ತು ಹಾಕಿದೆ. 'ಅಪ್ಪನ ಗುದ್ದಲಿ, ಅಪ್ಪನ ಗುದ್ದಲಿ' ಅಂದುಕೊಂಡು, ಒಂದು ಎಲೆಅಡಿಕೆ ಬಾಯಿಗೆ ಹಾಕಿ, ವಿಭೂತಿ ಚೀಲ ಹಿಡಿದು ಒಳಗೆ ತೂರಿದೆ. ಹಣೆಗೆ ಬಳಿಯೋಕೆ ಎತ್ತಿದ ಚೀಲ ತಲೆ ಮೇಲೇ ಬೋರಲಾಯ್ತು. ಅಡಿಯಿಂದ ಮುಡಿವರೆಗೆ ಬೆಳ್ಳಗಾದೆ. ಒರೆಸಿಕೊಳ್ಳೋಣ ಅಂತ ಕೂತೆ ನೋಡ್ರಿ, ಆ ಗೂಡಿನ ತಂಪು! ಹೊರಗೆ ಸುಡು ಬಿಸಿಲು, ಒಳಗೆ ಹಸಿ ಮಣ್ಣಿನ ವಾಸನೆ. ಎಷ್ಟೋ ದಿನದ ನಿದ್ದೆ ಬಾಕಿ. ಎಡಗೈ ಮೇಲೆ ಭಾರ ಬಿಟ್ಟು, ಗೋಡೆಗೊರಗಿ, ಹೋಗೇಬಿಟ್ಟೆ. ಅಂದ್ರೆ ನಿದ್ದೆಗೆ.

ಎಚ್ಚರ ಆಗಿದ್ದು ಹಲಗೆ ವಾದ್ಯದ ಸದ್ದಿಗೆ. ಮೆರವಣಿಗೆ ಬಂದೇಬಿಟ್ಟಿತ್ತು. ಗಡಬಡಿಸಿ ಎದ್ದು ಗೂಡಿನಿಂದ ಹೊರಬಂದ್ರೆ, ನನ್ನ ಎಡಗೈ ಇಲ್ಲ! ಹುಡುಕಿದೆ, ಇತ್ತು, ಆದರೆ ಜೋಮು ಹಿಡಿದು ಸತ್ತಂಗೆ ಜೋತಾಡ್ತಾ ಇತ್ತು. 'ಮಾವ, ಎಡಗೈ ಬಿತ್ತು, ಎತ್ಕಳ್ರಿ' ಅಂತ ಅಳಿಯನ ದನಿ ಕಿವಿಯಲ್ಲಿ ಕೂಗಿತು. ಬಲಗೈಯಿಂದ ಎಡಗೈ ಎತ್ತಿ ಹಿಡಿದುಕೊಂಡೆ.

ಸರಿಯಾಗಿ ಅದೇ ಹೊತ್ತಿಗೆ ಹರಿಹರದವನು ಕುಣಿಯ ಆಳದಲ್ಲಿ ತಪ್ಪು ಹುಡುಕೋಕೆ ಮೇಲಿನಿಂದ ಬಗ್ಗಿ ನೋಡಿದ. ಮೈಯೆಲ್ಲ ಬಿಳಿ, ಬಾಯಿಂದ ಕೆಂಪು ಸುರೀತಾ ಐತೆ, ಕೈಯಲ್ಲೊಂದು ಕೈ.

"ಎದ್ದೈತೆ! ಎದ್ದೈತ್ರಪ್ಪೋ!"

ಹಲಗೆ ನಿಂತಿತು. ನಾನು ಮೆಟ್ಟಿಲ ಮೇಲೆ ತಲೆ ಎತ್ತಿದಾಗ ನೂರಾರು ಜನ ಭತ್ತದ ಗದ್ದೆ ತುಳಿದುಕೊಂಡು ಓಡ್ತಾ ಇದ್ರು. ಹಲಗೆಯವರು ಹಲಗೆ ಬಿಟ್ಟು, ಬೀಗರು ಚಪ್ಪಲಿ ಬಿಟ್ಟು, ಅಯ್ಯನೋರು ಪಂಚೆ ಮೊಣಕಾಲ ಮೇಲೆತ್ತಿ. ಎಲ್ಲರಿಗಿಂತ ಮುಂದೆ ಹರಿಹರದವನು. ಕುಣಿಯ ದಡದಲ್ಲಿ ಒಂಟಿ ವಿಮಾನ. ಅದರೊಳಗೆ ಸಾವ್ಕಾರರು ನನ್ನ ಕಡೆಗೇ ಮುಖ ಮಾಡಿ ಕೂತಿದ್ದಾರೆ.

ಎದ್ದೈತೆ ಅಂದಿದ್ದು ಯಾರನ್ನ? ನಾನಂತೂ ಬದುಕಿದ್ದೀನಿ. ಅಂದ್ರೆ ಇವರೇ!

ಆಮೇಲೆ ನಾನು ಓಡಿದ ಓಟ ಹರಿಹರದವರು ಇವತ್ತಿಗೂ ಹೇಳ್ತಾರೆ. ಒಂದು ಬದು ಹಾರಿದ್ರೆ ಮೂರು ಬದು ದಾಟಿರ್ತಿದ್ದೆ. "ನಿಂದ್ರಿ! ನನ್ನೂ ಕರ್ಕೊಂಡು ಹೋಗ್ರಿ!" ಅಂತ ಕೂಗಿದೆ. ಅವರು ತಿರುಗಿ ನೋಡಿ, "ಕರೀತಾ ಐತೆ! ಜೊತೆಗೆ ಕರೀತಾ ಐತೆ!" ಅಂತ ಇನ್ನೂ ಜೋರಾಗಿ ಓಡಿದ್ರು. ಆಟದಲ್ಲಿ ಸಾಲು ಹೆಣದ ಹಿಂದೆ ಬರ್ತಿತ್ತು. ಇಲ್ಲಿ ಮುಂದೆ ಓಡ್ತಿತ್ತು, ಅಷ್ಟೇ ಫರಕು.

ಕಾಲುವೆ ಹತ್ತಿರ ಹರಿಹರದವನು ಎಡವಿ ಬಿದ್ದ. ನಾನು ಅವನ ಮೇಲೆ ಬಿದ್ದೆ. ಇಬ್ಬರೂ ನೀರಿಗೆ ಉರುಳಿದೆವು. ವಿಭೂತಿ ತೊಳೆದುಹೋಗಿ ನನ್ನ ಮುಖ ಕಂಡಿತು.

"ಅಜ್ಜ... ನೀವಾ? ಯಾವಾಗ ಸತ್ರಿ?"

ಜನ ಒಬ್ಬೊಬ್ಬರೇ ವಾಪಸ್ ಬಂದು ಸುತ್ತ ನಿಂತರು. ಹರಿಹರದವನು ನೀರಲ್ಲೇ ನಿಂತು, "ಅಯ್ಯನೋರೆ, ಮುದುಕ ಹೆಣ ಬಿಟ್ಟು ಓಡ್ಯಾನೆ. ಗುದ್ದಲಿ ನನಗೆ ಕೊಡ್ರಿ" ಅಂದ.

"ನಾನು ಹೆದರಿ ಓಡಲಿಲ್ಲ, ನಿಮ್ಮನ್ನೆಲ್ಲ ಕರೆಯಾಕೆ ಬಂದೆ" ಅಂದೆ. ಯಾರೂ ನಂಬಲಿಲ್ಲ. ನನ್ನ ಹಲ್ಲು ಇನ್ನೂ ಕಟಕಟ ಅಂತಿದ್ದವು. ಅಪ್ಪನ ಗುದ್ದಲಿ ಕೈಬಿಟ್ಟಿತು ಅಂತಲೇ ತಲೆ ತಗ್ಗಿಸಿದೆ.

ಅಯ್ಯನೋರು ತಮ್ಮ ಕೆಸರು ಪಂಚೆ ನೋಡಿಕೊಂಡ್ರು. ಓಡಿ ಸುಸ್ತಾದ ಜನರನ್ನ ನೋಡಿದ್ರು. ದೂರದಲ್ಲಿ ಬಿಸಿಲಲ್ಲಿ ಒಬ್ಬರೇ ಕೂತಿದ್ದ ಸಾವ್ಕಾರರನ್ನ ನೋಡಿದ್ರು.

"ಪದ್ಧತಿ ಪ್ರಕಾರ ಓಡಿದವರ ಕೈಯಾಗೆ ಗುದ್ದಲಿ ಇರಬಾರ್ದು" ಅಂದ್ರು. "ಇವತ್ತು ಓಡದೆ ಕೂತವರು ಸಾವ್ಕಾರ್ರು ಒಬ್ಬರೇ. ಅವರ ಕುಣಿ ಅವರೇ ಮುಚ್ಚಿಕೊಳ್ಳಾಕೆ ಆಗಲ್ಲ. ಇಳಿ ಮುದುಕ, ಹೊತ್ತಾಗ್ತೈತೆ."

ಇಳಿದೆ. ಸಾವ್ಕಾರರನ್ನ ಗೂಡಿನಲ್ಲಿ ಕೂರಿಸಿದೆ, ತಲೆ ಮೇಲಕ್ಕೆ ತಾಗಲಿಲ್ಲ, ಅಳತೆ ಸರಿಯಾಗಿತ್ತು. ಮೇಲಿನವರಿಗೆ ಕೇಳದಂಗೆ ಅವರ ಕಿವಿಯಲ್ಲಿ ಅಂದೆ, "ಸಾವ್ಕಾರ್ರೆ, ಅರ್ಧ ಕೆಲಸ ನಾನು ಮುಗಿಸೀನಿ. ಇನ್ನರ್ಧ ತಾವು ಮಾಡಬ್ಯಾಡ್ರಿ."

ದೊಡ್ಡ ಮನುಷ್ಯರು. ಇವತ್ತಿನವರೆಗೂ ಮಾಡಿಲ್ಲ.