ಖಾಲಿ ಊರಿನಲ್ಲಿ ಒಂದು ಲೋಟ ಕಾಫಿ

ಲೋಕದಲ್ಲಿ ಪ್ರಯಾಣ ಮಾಡುವವರು ಬೇರೆ, ಪ್ರಯಾಣಕ್ಕೆ ಸಿದ್ಧತೆ ಮಾಡುವವರು ಬೇರೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಎಲ್ಲಿಗಾದರೂ ಹೊರಡಬೇಕೆಂದರೆ ನನ್ನ ಎದೆ ಡವಗುಟ್ಟುತ್ತದೆ. ಆದರೆ ಹೊರಡುವುದಕ್ಕೆ ಏನೇನು ಬೇಕೆಂದು ಪಟ್ಟಿ ಮಾಡಲು ಕೂತರೆ ಊಟ ತಿಂಡಿ ಬೇಡ. ನಮ್ಮ ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಹೆಂಡತಿಯನ್ನು ಕಾಶಿಗೆ, ರಾಮೇಶ್ವರಕ್ಕೆ, ಜೋಗದ ಗುಂಡಿಗೆ ಕಾಗದದ ಮೇಲೆ ಕರೆದುಕೊಂಡು ಹೋಗಿ ಸುಖವಾಗಿ ವಾಪಸು ತಂದಿದ್ದೇನೆ. ಆಕೆ ನಿಜವಾಗಿ ನೋಡಿದ್ದು ದೇವನಹಳ್ಳಿಯ ತನ್ನ ತವರನ್ನು ಮಾತ್ರ.

ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮಕ್ಕಳು ಲೆಕ್ಕ ಮಾಡುವಾಗ ಕಿಟಕಿಯಿಂದ ಸಾಸಲಿನ ದಿಕ್ಕಿನ ಬೆಟ್ಟಗಳನ್ನು ನೋಡುತ್ತ ನಿಲ್ಲುವುದು ನನ್ನ ಅಭ್ಯಾಸ. ಒಂದು ದಿನ ಒಂದು ಯೋಚನೆ ಹೊಳೆಯಿತು. ಬೆಟ್ಟದ ಮೇಲಿನ ಸರ್ಕಾರಿ ಕಾಡಿನಲ್ಲಿ, ಮನೆಯನ್ನೇ ಗಾಲಿಯ ಮೇಲೆ ಇಟ್ಟುಕೊಂಡು ಹೋಗಿ, ನಾಲ್ಕು ದಿನ ಇದ್ದು ಬಂದರೆ ಹೇಗೆ? ಅದು ಯುದ್ಧದ ಕಾಲ. ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸುಗಳು ಸಣ್ಣ ಏರು ಬಂದರೂ ಪ್ರಯಾಣಿಕರನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿದ್ದವು. ಆದ್ದರಿಂದ ಗಂಗಣ್ಣನ ಕಮಾನುಗಾಡಿಯನ್ನು ಗೊತ್ತುಮಾಡಿದೆ. ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ. ಕಮಾನಿನ ಬಿದಿರಿಗೆ ಚೊಂಬು, ಲಾಂದ್ರ, ಉಪ್ಪಿನಕಾಯಿ ಜಾಡಿ ತೂಗುಹಾಕಲು ಕೊಕ್ಕೆಗಳು. ಹಿಂಬದಿಗೆ ಪಂಪಿನ ಸ್ಟೌ ಇಡಲು ಒಂದು ಹಲಗೆ. ಇದಕ್ಕೆಲ್ಲ ನೋಟುಬುಕ್ಕಿನಲ್ಲಿ ನಕ್ಷೆ ಬರೆದೆ. ‘ಮಳೆ ಬಂದರೆ’, ‘ಕೀಲು ಮುರಿದರೆ’ ಎಂದು ಒಂದೊಂದಕ್ಕೂ ಒಂದೊಂದು ಪುಟ. ‘ಚಿರತೆ ಬಂದರೆ’ ಎಂಬ ಪುಟದಲ್ಲಿ ‘ಗಾಡಿಯೊಳಗೆ ಕೂತುಕೊಳ್ಳುವುದು’ ಎಂದು ಬರೆದು, ಎತ್ತುಗಳ ಗತಿಯೇನೆಂದು ತೋಚದೆ ಅಲ್ಲಿಗೇ ನಿಲ್ಲಿಸಿದ್ದೆ.

ಕಾಡಿನಲ್ಲಿ ತಂಗಲು ಅಪ್ಪಣೆಯ ಚೀಟಿ ಬೇಕು. ಅದಕ್ಕೆ ಎರಡು ವರ್ಷ ಅರ್ಜಿ ಬರೆದೆ. ಕೊನೆಗೆ ಕ್ರಿಸ್‌ಮಸ್ ರಜದಲ್ಲಿ ಶುಕ್ರವಾರದಿಂದ ಮಂಗಳವಾರದವರೆಗೆ ಮಾತ್ರ ಎಂದು ಮೊಹರು ಹಾಕಿದ ಚೀಟಿ ಬಂತು. ಹೆಂಡತಿ ಕಮಲ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಈ ಸಲ ಬೆಟ್ಟ ಹತ್ತದೆ ವಾಪಸ್ ಬಂದ್ರೆ ನಿಮ್ಮ ನೋಟ್‌ಬುಕ್ಕು ನೀರೊಲೆಗೆ ಹೋಗುತ್ತೆ, ನೋಡ್ಕೊಳ್ಳಿ” ಅಂದಳು. ಆಕೆ ತಮಾಷೆಗೆ ಹೇಳಲಿಲ್ಲ.

ಶುಕ್ರವಾರ ನಸುಕಿನಲ್ಲೇ ಹೊರಟೆವು. ದಟ್ಟವಾದ ಮಂಜು. ಮುಂದಿನ ಎತ್ತಿನ ಕೊಂಬು ಕಾಣುತ್ತಿತ್ತೇ ಹೊರತು ದಾರಿ ಕಾಣುತ್ತಿರಲಿಲ್ಲ. ಸಾಸಲು ದಾಟಿ, ಬೆಟ್ಟದ ಬುಡದ ಒಂದು ಸಣ್ಣ ಊರಿನ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದಾಗ ಹೊತ್ತು ಏರಿತ್ತು. ಮಂಜು ಮಾತ್ರ ಅಲ್ಲಲ್ಲಿ ಕೂತೇ ಇತ್ತು. ಗಂಗಣ್ಣ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದ. ಕಮಲ ಕಾಫಿಗೆಂದು ಸ್ಟೌ ಹಚ್ಚಲು ಹೋದರೆ ಕೆರೆಯ ಗಾಳಿ ಬಿಡಲಿಲ್ಲ. ಆರು ಕಡ್ಡಿ ಗೀರಿದಳು. “ರೀ, ಊರೊಳಗೆ ಯಾರದಾದ್ರೂ ಜಗಲಿ ಮೇಲೆ ಕಾಫಿ ಕಾಸ್ಕೊಂಡು ಬನ್ನಿ, ತಲೆ ಸಿಡೀತಿದೆ” ಅಂದಳು. ಸ್ಟೌ ಒಂದು ಕೈಯಲ್ಲಿ, ಪಾತ್ರೆ ಒಂದು ಕೈಯಲ್ಲಿ ಹಿಡಿದು ಹೊರಟೆ.

ಊರ ಬಾಯಿಗೆ ಅಡ್ಡಲಾಗಿ ಒಂದು ದೊಡ್ಡ ಜಾಲಿಯ ಮುಳ್ಳು ಹಾಕಿತ್ತು. ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು, ಆಡು ನುಗ್ಗದಿರಲಿ ಎಂದು ಹಾಕಿದ್ದಾರೆ ಅಂದುಕೊಂಡು ಕಾಲಿನಿಂದ ಸರಿಸಿ ಒಳಗೆ ನಡೆದೆ. ಹತ್ತು ಹೆಜ್ಜೆ ಹೋದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಏನು ಎಂದು ತಿಳಿಯಲು ಇನ್ನೂ ಹತ್ತು ಹೆಜ್ಜೆ ಬೇಕಾಯಿತು. ಶಬ್ದವೇ ಇರಲಿಲ್ಲ. ಹೊಸಬನನ್ನು ಕಂಡು ಬೊಗಳುವ ನಾಯಿ ಇಲ್ಲ, ಕೋಳಿ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಒಂದು ಸೂರಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಬಾಗಿಲುಗಳಿಗೆ ಚಿಲಕ ಹಾಕಿತ್ತು, ಬೀಗ ಇರಲಿಲ್ಲ. ಅಂಗಳಗಳಿಗೆ ಆವತ್ತು ಬೆಳಗ್ಗೆ ಹಾಕಿದ ಹಸಿ ಸಾರಣೆ; ಅದರ ಮೇಲೆ ಒಂದೇ ಒಂದು ಹೆಜ್ಜೆಯ ಗುರುತೂ ಇಲ್ಲ. ಬಾಗಿಲ ಚೌಕಟ್ಟುಗಳಿಗೆಲ್ಲ ಬೇವಿನ ಸೊಪ್ಪು.

“ಯಾರಿದ್ದೀರಿ?” ಎಂದು ಕೂಗಿದೆ. ನನ್ನ ದನಿ ಬೀದಿಯ ಕೊನೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಬೇರೆ ಯಾರದೋ ದನಿಯಂತೆ ಹಿಂದಿರುಗಿತು. ಇದಕ್ಕೆ ಮಾರ್ದನಿ ಎನ್ನುತ್ತಾರೆ. ನಾನೇ ಪಾಠ ಮಾಡಿದ್ದೇನೆ. ಆದರೂ ಎರಡನೆಯ ಸಲ ಕೂಗಲು ಧೈರ್ಯ ಬರಲಿಲ್ಲ. ಓಡಿಬಿಡೋಣವೆಂದರೆ, ಬರಿಗೈಯಲ್ಲಿ ಹೋದರೆ ಕಮಲಳಿಗೆ ಏನು ಹೇಳುವುದು? ಊರಲ್ಲಿ ಜನ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ಹಾಗಾಗಿ ದೊಡ್ಡ ಮನೆಯೊಂದರ ಜಗಲಿಯ ಮೇಲೆ ಕೂತು ಸ್ಟೌ ಹಚ್ಚಿದೆ. ನಿಜ ಹೇಳಬೇಕೆಂದರೆ ಆಗ ನನಗೆ ಬೇಕಾಗಿದ್ದದ್ದು ಕಾಫಿಯಲ್ಲ, ಸ್ಟೌವಿನ ಭುಸುಗುಟ್ಟುವ ಸದ್ದು. ಅದು ಹಾಳಾದ್ದು ಮೊದಲು ಕರಿಹೊಗೆ ಕಕ್ಕಿತು. ಹೊಗೆ ನೆಟ್ಟಗೆ ಸೂರಿನಿಂದ ಮೇಲೆ ಹೋಯಿತು.

ಅಷ್ಟರಲ್ಲಿ ದೂರದಲ್ಲೆಲ್ಲೋ ತಮಟೆ ಶುರುವಾಯಿತು. ಹಿಂದೆಯೇ ಹೆಂಗಸರು ಒಟ್ಟಾಗಿ ಕೂಗಿಕೊಂಡ ದನಿ. ಅದು ಬಂದದ್ದು ಖಾಲಿ ಊರಿನ ಆಚೆಯಿಂದ. ಕುದಿಯುತ್ತಿದ್ದ ಪಾತ್ರೆ ಹಿಡಿದುಕೊಂಡು, ಸ್ಟೌವನ್ನು ಅಲ್ಲೇ ಬಿಟ್ಟು, ಬಂದ ದಾರಿಯಲ್ಲಿ ಓಡಿದೆ.

ಮುಳ್ಳಿನ ಹತ್ತಿರ ಏಳೆಂಟು ಜನ ಗಂಡಸರು ಕೋಲು ಹಿಡಿದು ನಿಂತಿದ್ದರು. ನನ್ನನ್ನು ಕಂಡು ಅವರೂ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅವರ ಹಿಂದಿನಿಂದ ಗಂಗಣ್ಣ ಬಂದು, “ಅಯ್ಯೋ ಮೇಷ್ಟ್ರೇ, ಹೊರಬೀಡು ಕಣ್ರೀ! ಮುಳ್ಳು ಕಾಣಿಸ್ಲಿಲ್ವಾ?” ಎಂದು ಹಣೆ ಚಚ್ಚಿಕೊಂಡ.

ಹೊರಬೀಡು ಎಂದರೆ ಇಷ್ಟು. ಊರಿಗೆ ಸಿಡುಬು ಬಂದಾಗ, ಅದನ್ನು ನಮ್ಮ ಕಡೆ ‘ಅಮ್ಮ’ ಎನ್ನುತ್ತಾರೆ, ಒಂದು ದಿನ ಊರಿಗೆ ಊರೇ ನಾಯಿ ಕೋಳಿ ಸಮೇತ ಹೊರಗಿನ ತೋಪಿಗೆ ಹೋಗುತ್ತದೆ. ಅಡಿಗೆ ಊಟ ಅಲ್ಲೇ. ಹೊತ್ತು ಮುಳುಗುವ ತನಕ ಊರೊಳಗೆ ಮನುಷ್ಯ ಇರಕೂಡದು, ಬೆಂಕಿ ಉರಿಯಕೂಡದು. ಯಾರೂ ಇಲ್ಲದ ಮನೆಗಳನ್ನು ನೋಡಿ ಅಮ್ಮ ಬೇಸತ್ತು ಹೊರಟುಹೋಗುತ್ತಾಳೆ. ಇವರು ಆಚೆ ಬದಿಯ ತೋಪಿನಲ್ಲಿ ಕೂತು ನೋಡುತ್ತಿದ್ದಾಗ, ಖಾಲಿ ಊರಿನೊಳಗಿಂದ, ಅದೂ ಪಟೇಲರ ಮನೆಯಿಂದಲೇ, ಕರಿಹೊಗೆ ಎದ್ದಿದೆ. ನಾನು ಅವರಿಗೆ ಹೆದರಿದ್ದಕ್ಕಿಂತ ಅವರು ನನಗೆ ಹೆಚ್ಚು ಹೆದರಿದ್ದರು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಟೇಲ ಪಿಳ್ಳಪ್ಪನವರು, ವಯಸ್ಸಾದವರು, “ಬೆಂಕಿ ಬಿತ್ತಲ್ಲ ಸ್ವಾಮಿ. ಇನ್ನು ಮಂಗಳವಾರ ತಿರ್ಗಾ ಊರು ಬಿಡ್ಬೇಕು. ಒಲೆ ಹಚ್ಚಿದೋರು ನಮ್ಮೂರೋರು ಲೆಕ್ಕವೇ. ಅಲ್ಲೀಗಂಟ ಎಲ್ಲೆ ದಾಟಬಾರ್ದು. ಹೋಗ್ತೀನಿ ಅಂದ್ರೆ ನಾವೇನು ಕಟ್ಟಾಕಲ್ಲ” ಅಂದರು.

ನನ್ನ ಜೇಬಿನಲ್ಲಿ ಮಂಗಳವಾರದವರೆಗಿನ ಚೀಟಿ ಇತ್ತು. ಬೆಟ್ಟ ಮಂಜಿನೊಳಗಿಂದ ಆಗ ತಾನೇ ತಲೆ ಎತ್ತಿತ್ತು. ಸಿಡುಬು ಹೇಗೆ ಹರಡುತ್ತದೆ, ಅದಕ್ಕೆ ದಾಕು, ಅಂದರೆ ಲಸಿಕೆ, ಯಾಕೆ ಹಾಕಿಸಿಕೊಳ್ಳಬೇಕು, ಸ್ಟೌವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಒಂದು ಭಾಷಣವನ್ನೇ ಮನಸ್ಸಿನಲ್ಲಿ ಜೋಡಿಸಿದೆ. ಬಾಯಿ ತೆರೆಯುವಷ್ಟರಲ್ಲಿ ಪಟೇಲರ ಪಂಚೆ ಹಿಡಿದು ನಿಂತಿದ್ದ ಅವರ ಮೊಮ್ಮಗಳು ಲಕ್ಕಿ ಕಣ್ಣಿಗೆ ಬಿದ್ದಳು. ಆರು ವರ್ಷದ ಹುಡುಗಿ. ಮುಖದ ಮೇಲೆ ಹೊಸ ಕಲೆಗಳು. ಬೇವಿನ ನೀರು ಹಾಕಿ ಎದ್ದು ವಾರವಾಗಿತ್ತಂತೆ. ನನ್ನ ಕೈಯಲ್ಲಿದ್ದ ಪಾತ್ರೆಯನ್ನೇ ನೋಡುತ್ತ, “ಅಜ್ಜಾ, ಇವ್ರು ಹಚ್ಚಿದ್ದಕ್ಕೆ ನಂಗೆ ತಿರ್ಗಾ ಬತ್ತದಾ?” ಎಂದು ಕೇಳಿದಳು.

“ಬರೋಲ್ಲ ಮಗು” ಅಂದೆ. “ನಾನು ಮಂಗಳವಾರ ನಿಮ್ಮ ಜೊತೆ ಬರ್ತೀನಿ.” ಗಂಗಣ್ಣನ ಹಿಂದೆಯೇ ಬಂದಿದ್ದ ಕಮಲ ಚೀಟಿಯನ್ನು ನನ್ನ ಜೇಬಿನಿಂದ ತೆಗೆದು ಸೆರಗಿಗೆ ಗಂಟುಹಾಕಿಕೊಂಡಳು.

ನಾಲ್ಕು ರಾತ್ರಿ ಆ ಊರಲ್ಲೇ ಕಳೆದೆವು. ಮಂಗಳವಾರ ಬೆಳಗ್ಗೆ ನಾನು ಗಾಡಿಗೆ ಸಾಮಾನು ತುಂಬುತ್ತ, ಪಟ್ಟಿಗೆ ಗುರುತು ಹಾಕುತ್ತ ಇದ್ದೆ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಇಡೀ ಊರು ಮಡಕೆ, ಕೂಸು, ಮುದುಕರು, ಕುರಿ, ಕೋಳಿ ಎಲ್ಲ ಸೇರಿ ತೋಪಿನಲ್ಲಿ ಇಳಿದುಬಿಟ್ಟಿತ್ತು. ಒಲೆ ಹೂಡಿ ಹಿಟ್ಟಿಗೆ ಎಸರು ಇಟ್ಟಾಗಿತ್ತು. “ಎರಡು ವರ್ಷ ಬರೆದ್ರಲ್ಲ ನೀವು” ಅಂದಳು ಕಮಲ. ಅವಳು ಅಷ್ಟೊಂದು ನಕ್ಕಿದ್ದನ್ನು ನಾನು ತವರಿನಲ್ಲೂ ನೋಡಿರಲಿಲ್ಲ. ಲಕ್ಕಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ತೂಕಡಿಸುತ್ತಿದ್ದರು. ನಾನು ಸುಮ್ಮನೆ ಊರಿನ ಕಡೆ ನೋಡಿದೆ. ಪಟೇಲರ ಜಗಲಿಯಿಂದ ಸಣ್ಣಗೆ, ನೆಟ್ಟಗೆ, ಕರಿಹೊಗೆ ಏಳುತ್ತಿತ್ತು.

ತೋಪಿನಲ್ಲಿದ್ದವರನ್ನು ಎಣಿಸಿದೆ. ಬೆಳಗ್ಗೆ ಪಟೇಲರು ಎಣಿಸಿದಾಗ ನಾವು ಮೂವರೂ ಸೇರಿ ಅರವತ್ತಮೂರು ಜನ. ಈಗಲೂ ಅರವತ್ತಮೂರೇ. ಕಮಲ ಕೂಡ ಅತ್ತಲೇ ನೋಡುತ್ತಿದ್ದಳು. ಗಾಡಿಯ ಹಿಂಬದಿಗೆ ಕೈಹಾಕಿ ನಮ್ಮ ಸ್ಟೌವನ್ನು ಮುಟ್ಟಿ ನೋಡಿದಳು. ಶುಕ್ರವಾರ ಸಂಜೆಯೇ ಜಗಲಿಯಿಂದ ತಂದಿಟ್ಟಿದ್ದ ಅದು ಹಲಗೆಯ ಮೇಲೇ ಇತ್ತು, ತಣ್ಣಗಿತ್ತು. ಮಗುವಿನ ಕಣ್ಣಿಗೆ ಕಾಣದಂತೆ ಸೆರಗನ್ನು ಅದರ ಮುಖದ ಮೇಲೆ ಎಳೆದಳು. ಹೊಗೆ ತಾನಾಗಿ ಸಣ್ಣದಾಗಿ, ಗಾಳಿಯಲ್ಲಿ ಸೇರಿಹೋಯಿತು. ಯಾರನ್ನೂ ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಇನ್ನೊಂದು ಮಂಗಳವಾರ.

ಎದ್ದು ಹೋಗಿ ನೋಡಿ ಬರುವುದು ವಿಜ್ಞಾನದ ಮೇಷ್ಟ್ರ ಧರ್ಮ. ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ನಿಂತದ್ದೂ ಉಂಟು, ನಾನು ಏಳಲಿಲ್ಲ. ಹೊತ್ತು ಮುಳುಗುವ ತನಕ ಗಂಗಣ್ಣನಿಗೂ ಕಮಲಳಿಗೂ ನಡುವೆ ಒತ್ತಿಕೊಂಡು ಕೂತಿದ್ದೆ. ಲಕ್ಕಿಗೆ ಮತ್ತೆ ಏನೂ ಆಗಲಿಲ್ಲ. ಮುಂದಿನ ಸುಗ್ಗಿಯಲ್ಲಿ ಅವಳ ಅಜ್ಜ ನಮಗೆ ಒಂದು ಚೀಲ ಅವರೆಕಾಯಿ ಕಳಿಸಿದರು. ಬೆಟ್ಟವನ್ನು ನಾನು ಈಗಲೂ ಶಾಲೆಯ ಕಿಟಕಿಯಿಂದಲೇ ನೋಡುತ್ತೇನೆ. ನೋಟುಬುಕ್ಕನ್ನು ಕಮಲ ನೀರೊಲೆಗೆ ಹಾಕಲಿಲ್ಲ. ಅದರ ಕೊನೆಯ ಪುಟದಲ್ಲಿ ನಾನು ಎರಡು ಸಾಲು ಸೇರಿಸಿದ್ದೇನೆ: ‘ಊರೊಳಗೆ ಕಾಲಿಡುವ ಮುಂಚೆ ಜನ ಇದ್ದಾರೆಯೇ ಎಂದು ವಿಚಾರಿಸುವುದು. ಇಲ್ಲ ಎಂದರೆ, ಮತ್ತೆ ಯಾರಿದ್ದಾರೆ ಎಂದು ವಿಚಾರಿಸದಿರುವುದು.’