ಅಲುಗಾಡದ ಕೈಯ ಮೌಸು

"ಜಗತ್ತಿನಲ್ಲಿ ಇವತ್ತಿನವರೆಗೆ ತಯಾರಾದ ಮೌಸುಗಳೆಲ್ಲ ತಪ್ಪು!" ಎಂದು ನಾನು ಘೋಷಿಸಿದಾಗ ನನ್ನ ಬಾಯಿ ತುಂಬ ಟೂತ್‌ಪೇಸ್ಟ್ ಇತ್ತು. ಹಾಗಾಗಿ ಘೋಷಣೆಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ.

"ಮೊದಲು ಉಗಿದು ಬನ್ನಿ," ಎಂದಳು ವಿನೋದಾ. ಧರ್ಮಪತ್ನಿ.

ಉಗಿದು ಬಂದು ಮತ್ತೊಮ್ಮೆ ಘೋಷಿಸಿದೆ. ಇದು 2005ನೇ ಇಸವಿಯ ಮಾತು. ಕಾಶಿಗೆ ಬಂದು, ಇಪ್ಪತ್ತು ವರ್ಷದಿಂದ ಎಂಜಿನಿಯರಿಂಗ್ ಹುಡುಗರಿಗೆ ಯಂತ್ರಗಳ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಈ ಪದ್ಮನಾಭ, ಇಷ್ಟು ವರ್ಷಗಳಲ್ಲಿ ಸ್ವಂತ ಕೈಯಿಂದ ಒಂದು ಮಣೆಯನ್ನೂ ಮಾಡಿದವನಲ್ಲ. ಆದರೆ ಕಾರಣ ಅಂಥದ್ದಿತ್ತು. ನಮ್ಮ ಹದಿಮೂರು ವರ್ಷದ ಮಗಳು ಶರಣ್ಯಾ, ಮುಂದಿನ ಭಾನುವಾರ ಊರಿನ ಶಾಲೆಗಳೆಲ್ಲ ಸೇರುವ ಕಂಪ್ಯೂಟರ್ ಗೇಮ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಕಾರಿನ ರೇಸು. ಮೌಸು ಹಿಡಿದರೆ ಅವಳ ಕಾರು ಮೂರನೇ ತಿರುವಿನಲ್ಲಿ ತಪ್ಪದೆ ಗೋಡೆಗೆ ಹೋಗಿ ಗುದ್ದುತ್ತಿತ್ತು.

"ಪಪ್ಪಾ, ಮೇರಾ ಹಾಥ್ ಹೀ ಖರಾಬ್ ಹೈ," ಎಂದು ಹುಡುಗಿ ಮೂಗು ಒರೆಸಿಕೊಂಡಳು.

ನನ್ನ ಮಗಳ ಕೈ ಖರಾಬಂತೆ! ರಕ್ತ ಕುದಿಯಿತು. "ಕೈಯಲ್ಲಮ್ಮಾ, ಮೌಸು ಖರಾಬು! ನಾನು ಮಾಡ್ತೀನಿ ನೋಡು. ಒಂದೊಂದು ದಿಕ್ಕಿಗೆ ಒಂದೊಂದು ಬೆರಳು. ಹೆಬ್ಬೆರಳು ಒತ್ತಿದರೆ ಎಡಕ್ಕೆ, ತೋರುಬೆರಳು ಮುಂದಕ್ಕೆ, ಉಂಗುರದ ಬೆರಳು ಹಿಂದಕ್ಕೆ, ಕಿರುಬೆರಳು ಬಲಕ್ಕೆ!"

"ನಡುಬೆರಳು?"

"ಅದಕ್ಕೆ ವಿಶ್ರಾಂತಿ."

ಶರಣ್ಯಾ ಕುಣಿಯುತ್ತ ಶಾಲೆಗೆ ಹೋಗಿ, ತನ್ನ ಪಪ್ಪ ಹೊಸ ಮೌಸು ಕಂಡುಹಿಡಿಯುತ್ತಿದ್ದಾರೆಂದು ಇಡೀ ತರಗತಿಗೆ ಸಾರಿಬಂದಳು. ಇನ್ನು ಹಿಂದೆ ಸರಿಯುವಂತಿಲ್ಲ!

ಮೊದಲು ಅಂಗೈಯ ಅಚ್ಚು ಬೇಕಿತ್ತು. ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನಾದಿಟ್ಟಿದ್ದು ಕಂಡಿತು. ಶರಣ್ಯಾಳ ಕೈಯನ್ನು ಅದರ ಮೇಲೆ ಇಡಿಸಿದೆ. ಅವಳ ಕೈ ಅರೆಕ್ಷಣ ಒಂದು ಕಡೆ ನಿಂತರೆ ಕೇಳಿ! ಕೂದಲು ಸರಿಮಾಡಿಕೊಳ್ಳಬೇಕು, ಸೊಳ್ಳೆ ಹೊಡೆಯಬೇಕು, ಟೀವಿಯ ಚಾನೆಲ್ ಬದಲಿಸಬೇಕು. ಅಚ್ಚಿನಲ್ಲಿ ಒಟ್ಟು ಹನ್ನೊಂದು ಬೆರಳು ಮೂಡಿದವು.

"ಇದೇನ್ರೀ ಹಿಟ್ಟಿಗೆ ಬೆಕ್ಕು ಬಾಯಿ ಹಾಕಿದ ಹಾಗಿದೆ?" ಎಂದಳು ವಿನೋದಾ.

"ಸಂಶೋಧನೆ ಕಣೇ!"

"ಆಯ್ತು. ರಾತ್ರಿ ಊಟಕ್ಕೆ ಅದನ್ನೇ ಬೇಯಿಸಿಕೊಡ್ತೀನಿ."

ಕೊಟ್ಟಳು ಕೂಡ.

ನನಗೆ ಬೇಕಾದದ್ದು ಅಲುಗಾಡದ ಕೈ. ಆಗ ಹೊಳೆದರು ಜಂಗಮವಾಡಿ ಮಠದ ಹಾಲಯ್ಯನವರು! ಗದಗದ ಕಡೆಯವರು, ಮಠದಲ್ಲಿ ಯಾತ್ರಿಕರ ಊಟ-ವಸತಿ ನೋಡಿಕೊಳ್ಳುವವರು. ಆಳು ಗಿಡ್ಡ, ಅಂಗೈ ನಮ್ಮ ಹುಡುಗಿಯದಷ್ಟೇ ಪುಟ್ಟದು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅರ್ಧ ಗಂಟೆ ಕೈ ಕದಲುವುದಿಲ್ಲ ಎಂದು ಮಠದವರೆಲ್ಲ ಹೇಳುತ್ತಾರೆ. ಸೈಕಲ್ ರಿಕ್ಷಾ ಹತ್ತಿ, ಗಂಗೆಯ ಜೇಡಿಮಣ್ಣಿನ ಉಂಡೆಯೊಂದಿಗೆ ಮಠ ಸೇರಿದೆ.

"ನಿಮ್ಮ ಕೈ ಬೇಕಾಗಿತ್ತು ಹಾಲಯ್ಯನೋರೆ. ಅಲುಗಾಡದ ಕೈ."

"ಕೈ ಏನ್ರೀ ಸರ, ಮನಿಷ್ಯಾನ್ನ ಒಯ್ಯಿರಿ," ಎಂದು ನಕ್ಕು, ತೋಳು ಮಡಿಸಿ, ಉಂಡೆಯ ಮೇಲೆ ಕೈ ಊರಿದರು. ನಾನು ಗಡಿಯಾರ ಹಿಡಿದು ಕೂತೆ. ಹನ್ನೆರಡು ನಿಮಿಷ! ಮೂಗಿನ ಮೇಲೆ ನೊಣ ಕೂತರೂ ಮನುಷ್ಯ ಮಿಸುಕಲಿಲ್ಲ. ಗಡಿಯಾರದಿಂದ ನಾನೂ ಕಣ್ಣು ತೆಗೆಯಲಿಲ್ಲ. ಶಿಲ್ಪಶಾಸ್ತ್ರದಲ್ಲೇ ಇಂಥ ಅಚ್ಚು ಮೂಡಿರಲಾರದು!

ಅಲ್ಲಿಂದ ಮರದ ಗೊಂಬೆ ಮಾಡುವ ರಾಮಚಂದ್ರರ ಅಂಗಡಿಗೆ. ಮುದುಕ ಅಚ್ಚನ್ನು ಹಿಂದೆ ಮುಂದೆ ತಿರುಗಿಸಿದರು. ತಮ್ಮ ಕೈಯನ್ನು ಅದರ ಮೇಲಿಟ್ಟರು. ತೆಗೆದರು.

"ಪ್ರೊಫೆಸರ್ ಸಾಹಬ್, ಈ ತೊ ಉಲ್ಟಾ ಬಾ!" ಇದು ತಿರುವುಮುರುವಾಗಿದೆಯಂತೆ.

"ಉಲ್ಟಾ ಅಲ್ಲ, ವಿಜ್ಞಾನ!" ಎಂದು ನನ್ನ ಹಿಂದಿಯಲ್ಲಿ ಗದರಿದೆ. "ಹೇಗಿದೆಯೋ ಹಾಗೇ ಕೆತ್ತಿ."

ಹೇಗಿತ್ತೋ ಹಾಗೇ ಕೆತ್ತಿದರು. ಬಣ್ಣ ಬೇಡವೆಂದರೂ ಕೇಳದೆ ಕೆಂಪು ಅರಗು ಬಳಿದು ಎರಡು ಹಸಿರು ಗೆರೆ ಎಳೆದರು. ಬಣ್ಣವಿಲ್ಲದ ಸಾಮಾನು ತಮ್ಮ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲವಂತೆ.

ಇನ್ನು ಒಳಗಿನ ಸಾಮಾನು. ಹಳೆಯ ಮೌಸಿನ ಕರುಳು ತೆಗೆದೆ. ಹಳೆಯ ಕೀಬೋರ್ಡಿನಿಂದ ನಾಲ್ಕು ನರ ಎಳೆದೆ. ಗುಂಡಿಗಳು ಸಾಲದೆ ಟೀವಿಯ ರಿಮೋಟಿಗೂ ಬಾಗಿಲ ಕಾಲಿಂಗ್ ಬೆಲ್ಲಿಗೂ ಕೈ ಹಾಕಿದೆ. ಮೂರು ದಿನ ನಮ್ಮ ಮನೆಗೆ ಬಂದವರೆಲ್ಲ ಬಾಗಿಲು ಗುದ್ದಿದರು. ಟೀವಿಯಲ್ಲಿ ಮೂರು ದಿನವೂ ಕೃಷಿ ವಾರ್ತೆಯೇ ಬಂತು.

"ಗೋಧಿಗೆ ಯಾವಾಗ ನೀರು ಬಿಡಬೇಕು ಅಂತ ಈಗ ನನಗೆ ಚೆನ್ನಾಗಿ ಗೊತ್ತು," ಎಂದಳು ವಿನೋದಾ. "ಗದ್ದೆ ಒಂದು ಕೊಡಿಸಿಬಿಡಿ."

ಶನಿವಾರ ಮಧ್ಯಾಹ್ನ ಮೌಸು ಸಿದ್ಧವಾಯಿತು. ಅರಿಶಿನ ಕುಂಕುಮ ಹಚ್ಚಿ ಮೇಜಿನ ಮೇಲಿಟ್ಟೆ. ಶರಣ್ಯಾ ಹಿಗ್ಗಿನಿಂದ ಬಲಗೈ ಚಾಚಿದಳು. ಹೆಬ್ಬೆರಳಿಗೆ ಜಾಗವಿಲ್ಲ! ಹೆಬ್ಬೆರಳು ಇರಬೇಕಾದ ಗುಳಿಯಲ್ಲಿ ಕಿರುಬೆರಳು, ದೊಡ್ಡವರ ಚಪ್ಪಲಿ ತೊಟ್ಟ ಮಗುವಿನಂತೆ ಒದ್ದಾಡುತ್ತಿತ್ತು. ಕಾರು ಗಿರ್ರನೆ ತಿರುಗಿ, ರಸ್ತೆ ಬಿಟ್ಟು, ಸೇತುವೆ ಹಾರಿ, ನೇರ ನದಿಗೆ!

"ಅಭ್ಯಾಸ ಆಗ್ತದಮ್ಮಾ," ಎಂದೆ.

ಎರಡನೆಯ ಸಲವೂ ನದಿ. ಮೂರನೆಯ ಸಲವೂ ನದಿ. ಕಾರಿಗೆ ಕಾಶೀವಾಸದ ಪೂರ್ಣ ಫಲ! ಶರಣ್ಯಾ ಮೌಸಿನಿಂದ ಕೈ ತೆಗೆದಳು. "ಕಲ್ ಸಬ್ ಹಸೇಂಗೆ, ಪಪ್ಪಾ." ನಾಳೆ ಎಲ್ಲರೂ ನಗುತ್ತಾರೆ. ನನ್ನನ್ನು ನೋಡಿಯಲ್ಲ, ಅವಳನ್ನು. ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಓಡಿದಳು.

ಅಷ್ಟರಲ್ಲಿ ಯಾರೋ ಬಾಗಿಲು ಗುದ್ದಿದರು. ಹಾಲಯ್ಯನವರು! ತಮ್ಮ ಕೈ ಏನಾಯಿತೆಂದು ನೋಡಲು ಬಂದಿದ್ದರು. ಮೌಸಿನ ಮೇಲೆ ಎಡಗೈ ಇಟ್ಟರು. ಹೆಬ್ಬೆರಳು ಗುಳಿಯಲ್ಲಿ, ಬೆರಳುಗಳು ಗುಂಡಿಗಳ ಮೇಲೆ, ಅಂಗೈ ಉಬ್ಬಿನ ಮೇಲೆ. ಎರಕ ಹೊಯ್ದ ಹಾಗೆ ಕೂತಿತು.

"ಎಡಗೈ!" ನಾನು ಚೀರಿದೆ. "ನೀವು ಅಚ್ಚು ಕೊಟ್ಟದ್ದು ಎಡಗೈದೇನ್ರೀ?"

"ಮತ್ತ ಯಾವುದು ಕೊಡ್ಲಿರೀ ಸರ? ಲಿಂಗ ಇರೋದು ಎಡಗೈಯಾಗ. ಬಲಗೈ ವಿಭೂತಿ ಹಚ್ಚತೈತಿ, ಪತ್ರಿ ಏರಸತೈತಿ, ಅದು ಅಲುಗಾಡಾಕss ಬೇಕಲ್ರೀ! ನೀವು ಅಲುಗಾಡದ ಕೈ ಕೇಳಿದ್ರಿ."

ಕೇಳಿದ್ದೆ. ಗಡಿಯಾರ ನೋಡುತ್ತಿದ್ದ ಮಹಾಶಯ ಕೈಯನ್ನೇ ನೋಡಿರಲಿಲ್ಲ! ಇಪ್ಪತ್ತು ವರ್ಷ ಕಾಶಿಯಲ್ಲಿದ್ದೂ ಲಿಂಗ ಯಾವ ಅಂಗೈಯಲ್ಲಿ ಇರುತ್ತದೆಂದು ವಿಚಾರಿಸಿರಲಿಲ್ಲ. ಹಾಲಯ್ಯನವರಿಗೆ ಚಹಾ ಕೊಟ್ಟು ಬೀಳ್ಕೊಟ್ಟು, ತಲೆ ಹಿಡಿದುಕೊಂಡು ವರಾಂಡದಲ್ಲಿ ಕೂತೆ. ಮಗಳಿಗೆ ಏನು ಹೇಳುವುದು? ಜ್ವರ ಬಂದಿದೆ ಅನ್ನಲೇ? ಅವಳಿಗೋ, ನನಗೋ?

ಒಳಗಿನಿಂದ ಕಾರಿನ ಸದ್ದು ಕೇಳಿತು. ಬಹಳ ಹೊತ್ತು ಕೇಳಿತು. ಗೋಡೆ ಗುದ್ದಿದ ಸದ್ದಿಲ್ಲ, ನದಿಗೆ ಬಿದ್ದ ಸದ್ದಿಲ್ಲ. ಹೋಗಿ ನೋಡಿದರೆ ಶರಣ್ಯಾ ಮೌಸನ್ನು ಎಡಗೈಯಲ್ಲಿ ಹಿಡಿದು ಐದನೇ ತಿರುವು ದಾಟುತ್ತಿದ್ದಾಳೆ!

"ಪಪ್ಪಾ, ಎಡಕ್ಕೂ ಬಲಕ್ಕೂ ಅದಲುಬದಲಾಗಿದೆ. ಅದೊಂದು ಸರಿಮಾಡಿ," ಎಂದವಳು ಎದ್ದು ಬಂದು ನನ್ನ ಸೊಂಟ ತಬ್ಬಿಕೊಂಡಳು. "ನಾನು ಎಡಚಿ ಅಂತ ನಿಮಗೆ ಗೊತ್ತಿತ್ತಲ್ಲ! ಎಲ್ಲಾ ಮೌಸೂ ಬಲಗೈಯವರಿಗೇ ಇರ್ತವೆ. ನೀವು ನನಗೋಸ್ಕರ ಎಡಗೈದು ಮಾಡಿಸಿದ್ರಿ!"

ಎಡಚಿ? ನನ್ನ ಮಗಳು? ಅವಳ ಪುಸ್ತಕ ನೋಡಿದ್ದೇನೆ, ಅಕ್ಷರ ನೋಡಿದ್ದೇನೆ, ಅಂಕಪಟ್ಟಿಗೆ ಸಹಿ ಹಾಕಿದ್ದೇನೆ. ಬರೆಯುವ ಕೈಯನ್ನು? "ಅದು... ಮಗೂ... ನಿಜ ಹೇಳಬೇಕಂದ್ರೆ..." ಎಂದು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ವಿನೋದಾ ನನ್ನನ್ನು ಸುಡುವಂತೆ ನೋಡಿದಳು. ಬಾಯಿ ಮುಚ್ಚಿದೆ. ಎರಡು ತಂತಿ ಕಿತ್ತು ಅದಲುಬದಲು ಮಾಡಿ ಬೆಸೆದೆ. ಈ ಇಡೀ ಮೌಸಿನಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಭಾನುವಾರ ಕೆಂಪು ಮೌಸನ್ನು ಕಂಡು ಹುಡುಗರು ನಕ್ಕರು ನಿಜ. ಮೂರನೇ ತಿರುವಿನವರೆಗೆ ನಕ್ಕರು. ಶರಣ್ಯಾಳಿಗೆ ಎರಡನೇ ಬಹುಮಾನ! ಇನ್ನೂ ನಾಲ್ಕು ಎಡಚ ಮಕ್ಕಳು ಸಾಲುಗಟ್ಟಿ ಬಂದು ಮೌಸು ಮುಟ್ಟಿ ನೋಡಿ, "ಅಂಕಲ್, ಹಮಾರೆ ಲಿಯೇ ಭೀ?" ಎಂದರು. ನಾಲ್ವರಿಗೂ ಒಂದೊಂದು ಮಾಡಿಕೊಡಲು ಒಪ್ಪಿಕೊಂಡುಬಿಟ್ಟೆ.

ಮನೆಗೆ ಬರುವಾಗ ನನ್ನ ತಲೆ ಮತ್ತೆ ಮೋಡಕ್ಕೆ ತಾಗುತ್ತಿತ್ತು. ಶರಣ್ಯಾ ಬಹುಮಾನ ತೋರಿಸಲು ಪಕ್ಕದ ಮನೆಗೆ ಓಡಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ.

"ಏನೇ ಹೇಳು ವಿನೋದಾ, ಹುಡುಗಿ ಎಡಚಿ ಅಂತ ಕೊನೆಗೂ ಕಂಡುಹಿಡಿದೆನಲ್ಲ! ಆದರೆ ಒಂದು ಮಾತ್ರ ವಿಚಿತ್ರ. ನಮ್ಮ ವಂಶದಲ್ಲಿ ಹುಡುಕಿದರೂ ಎಡಚರಿಲ್ಲ. ಇವಳಿಗೆ ಇದು ಯಾರಿಂದ ಬಂತು ಅಂತೀನಿ!"

ಸೋರೆಕಾಯಿ ಹೆಚ್ಚುತ್ತಿದ್ದ ವಿನೋದಾ ಚಾಕು ಹಿಡಿದ ಕೈಯನ್ನು ನಿಧಾನವಾಗಿ ನನ್ನ ಮುಖದ ಮಟ್ಟಕ್ಕೆ ಎತ್ತಿ, ನಾನು ಸರಿಯಾಗಿ ನೋಡಿಕೊಳ್ಳುವಷ್ಟು ಹೊತ್ತು ಹಾಗೇ ಹಿಡಿದಳು.

ಎಡಗೈ. ಒಂಚೂರೂ ಅಲುಗಾಡುತ್ತಿರಲಿಲ್ಲ.