೪೦೧ರ ದೆವ್ವವೂ ನಮ್ಮನೆಯ ಹನುಮಪ್ಪನೂ

ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾದವನ ಬಾಗಿಲಿಗೆ ಯಾವ ವಿಷಯ ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ. ಸೋರುವ ಪೈಪು, ಮೇಲಿನವರು ಒಣಹಾಕಿದ ಸೀರೆಯಿಂದ ಕೆಳಗಿನವರ ಹಪ್ಪಳದ ಮೇಲೆ ಬಿದ್ದ ನೀರು, ಲಿಫ್ಟಿನಲ್ಲಿ ಉಳಿದುಹೋದ ಮೀನಿನ ವಾಸನೆ, ಹೀಗೆ. ಮುಂಬಯಿಯ ಸಯನ್‌ನ ನಮ್ಮ ಐದು ಮಹಡಿಯ ಬಿಲ್ಡಿಂಗ್‌ನಲ್ಲಿ ಒಂಬತ್ತು ವರ್ಷದಿಂದ ಎಲ್ಲದಕ್ಕೂ ನಾನು ಲಿಖಿತ ಉತ್ತರ ಕೊಟ್ಟಿದ್ದೇನೆ. ಬಾಯಿಮಾತಿನ ದೂರನ್ನು ಕೇಳಿಸಿಕೊಳ್ಳುವುದಿಲ್ಲ. ರಿಜಿಸ್ಟರಿನಲ್ಲಿ ಬರೆಯಬೇಕು, ತಾರೀಖು ಹಾಕಬೇಕು, ಸಹಿ ಮಾಡಬೇಕು. ಈ ಶಿಸ್ತಿಗೆ ಹೆದರಿ ಅರ್ಧ ದೂರುಗಳು ತಾವಾಗಿಯೇ ಸಾಯುತ್ತವೆ. ಸತ್ತವರ ಮೇಲೆಯೇ ದೂರು ಬಂದರೆ ಏನು ಮಾಡಬೇಕೆಂದು ಮಾತ್ರ ಬೈಲಾದಲ್ಲಿ ಬರೆದಿಲ್ಲ.

೧. ಯಾರ ಮೇಲೆ ದೂರು

೩೦೧ರಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ, ಇಡೀ ಬಿಲ್ಡಿಂಗಿಗೆ ಮಾವುಶಿ, ಅಂದರೆ ಚಿಕ್ಕಮ್ಮ. ನಮ್ಮ ಕಮಿಟಿಯ ಸದಸ್ಯೆಯೂ ಹೌದು. ಅವರ ತಲೆಯ ಮೇಲಿನ ಮನೆ ೪೦೧. ಅದರ ಮಾಲೀಕರು ಪುಣೆಯಲ್ಲಿ. ಬಾಡಿಗೆಗಿದ್ದ ಹುಡುಗರು ದೀಪಾವಳಿಗೆ ಖಾಲಿ ಮಾಡಿ ಹೋದಮೇಲೆ ಮನೆಗೆ ಬೀಗ ಬಿದ್ದಿತ್ತು, ಕೀ ನನ್ನ ಬಳಿ ಇತ್ತು.

ಒಂದು ಬೆಳಗ್ಗೆ ಮಾವುಶಿ ಎರಡನೇ ಮಹಡಿಯ ನಮ್ಮ ಮನೆಗೆ ಇಳಿದು ಬಂದರು. "ಅಹೋ ಸೆಕ್ರೆಟರಿ, ಬೀಗ ಹಾಕಿದ ಮನೆಯೊಳಗೆ ಬೆಲ್ ಬಾರಿಸ್ತದೆ. ಒಂದು ವಾರದಿಂದ ಕೇಳ್ತಿದ್ದೇನೆ."

ರಿಜಿಸ್ಟರು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಕಾಲಂ ತುಂಬಿದರು. 'ಯಾರ ಮೇಲೆ ದೂರು' ಎಂಬಲ್ಲಿ 'ಭೂತ, ೪೦೧' ಎಂದಿತ್ತು.

"ಮಾವುಶಿ, ದೂರು ಸದಸ್ಯರ ಮೇಲಿರಬೇಕು, ಇಲ್ಲವೇ ಬಾಡಿಗೆದಾರರ ಮೇಲಿರಬೇಕು. ಇದು ಎರಡೂ ಅಲ್ಲ."

ಅವರು ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದರು. "ಹಾಗಾದರೆ ಪರವಾನಗಿ ಇಲ್ಲದೆ ವಾಸ ಮಾಡ್ತಿದೆ ಅಂತ ಬರೆಯಲಾ? ಅದಕ್ಕೆ ನಿಯಮ ಇದೆಯಲ್ಲ?"

ಇತ್ತು. ನಿಯಮದ ಸಂಖ್ಯೆಯನ್ನು ನಾನೇ ಹುಡುಕಿಕೊಟ್ಟೆ.

೨. ಅಜೆಂಡಾದಲ್ಲಿಲ್ಲದ ವಿಷಯ

ನಮ್ಮ ಚೇರ್ಮನ್ ಉಡುಪಿ ಕಡೆಯವರು, ಮಾಟುಂಗದಲ್ಲಿ ಹೋಟೆಲಿದೆ. ಒಂದು ತಿಂಗಳಲ್ಲಿ ಮಾವುಶಿಯ ಹಿಂದೆ ಇನ್ನೂ ಹಲವರು ಬಂದು ದೂರು ಬರೆದರು. ಅದನ್ನು ಕಮಿಟಿಯ ಮುಂದಿಟ್ಟಾಗ ಚೇರ್ಮನ್ ನಗುತ್ತಾರೆಂದು ನಾನು ಎಣಿಸಿದ್ದೆ. ಅವರು ನಗಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದರು.

"ನಾನೂ ಲೆಕ್ಕ ಇಟ್ಟಿದ್ದೇನೆ ಮಾರಾಯ್ರೆ. ದಿನಾ ಬೆಳಗ್ಗೆ ಆರೂವರೆಗೆ ಒಂದು ಸಲ. ಶನಿವಾರ ಎರಡು ಸಲ. ಅದಕ್ಕೆ ವಾರ ಗೊತ್ತುಂಟು. ನೀವು ಧಾರವಾಡಕ್ಕೆ ಹೋದ ವಾರ ಒಮ್ಮೆಯೂ ಇಲ್ಲ."

"ದೂರು ತಗೊಳ್ಳೋರೇ ಇಲ್ಲದಾಗ ಬಾರಿಸಿ ಏನು ಪ್ರಯೋಜನ?" ಎಂದರು ಮಾವುಶಿ. "ಮತ್ತೆ ನಾನು ದೂರು ಕೊಟ್ಟಷ್ಟೂ ಅದು ಹೆಚ್ಚು ಬಾರಿಸ್ತದೆ. ಸಿಟ್ಟು ಬಂದಿದೆ ಅದಕ್ಕೆ."

ನನಗೆ ತಡೆಯಲಾಗಲಿಲ್ಲ. "ನೋಡಿ, ನಾನೂ ದಿನಾ ಹನುಮಪ್ಪನ ಪೂಜೆ ಮಾಡುವವನೇ. ಆದರೆ ದೇವರನ್ನು ನಂಬುವುದು ಬೇರೆ, ದೆವ್ವವನ್ನು ನಂಬುವುದು ಬೇರೆ. ಒಂದಕ್ಕೆ ಶಾಸ್ತ್ರವಿದೆ, ಬುದ್ಧಿವಂತರು ಸಾವಿರಾರು ವರ್ಷ ಅದರ ಬಗ್ಗೆ ಯೋಚಿಸಿದ್ದಾರೆ. ಇನ್ನೊಂದಕ್ಕೆ ಇರುವುದು ಬರೀ ಗಾಬರಿ."

"ನಮ್ಮ ಕಡೆ ಅವೆರಡು ಅಷ್ಟು ದೂರ ಇಲ್ಲ" ಎಂದರು ಚೇರ್ಮನ್. "ಅನ್ಯಾಯದಲ್ಲಿ ಸತ್ತವರು ಎಷ್ಟೋ ಕಡೆ ದೈವ ಆಗಿದ್ದಾರೆ. ವರ್ಷಕ್ಕೊಮ್ಮೆ ಕೋಲ ಕೊಟ್ಟು, ಎದುರು ನಿಂತು ಮಾತಾಡಿಸಿದರೆ ಕಾಪಾಡ್ತದೆ. ಯಾರೂ ಕೇಳದಿದ್ದರೆ ಉಪದ್ರ ಕೊಡ್ತದೆ. ವ್ಯತ್ಯಾಸ ಇರುವುದು ನಾವು ನಡೆಸಿಕೊಳ್ಳುವುದರಲ್ಲಿ."

"ಪುರಾವೆ ಅಂತ ಒಂದು ಬೇಕಲ್ಲ?"

"೪೦೧ರ ಬೆಲ್ ಕೇಳಿದವರು ಏಳು ಜನ, ನಿಮ್ಮ ರಿಜಿಸ್ಟರಿನಲ್ಲೇ ಸಹಿ ಉಂಟು. ನಿಮ್ಮ ಹನುಮಂತನಿಗೆ ಈ ಬಿಲ್ಡಿಂಗ್‌ನಲ್ಲಿ ಎಷ್ಟು ಜನ ಸಾಕ್ಷಿ, ಹೇಳಿ."

ಆ ವಿಷಯ ಇವತ್ತಿನ ಅಜೆಂಡಾದಲ್ಲಿ ಇಲ್ಲವೆಂದು ಹೇಳಿ ಸಭೆ ಮುಗಿಸಿದೆ.

೩. ಜನ ನೋಡಿ ಹೊರಬರುವ ದೆವ್ವ

೪೦೧ನ್ನು ನೋಡಲು ಒಂದು ಗುಜರಾತಿ ಜೋಡಿ ಬಂತು. ಆ ದಿನ ನಮ್ಮ ಕಮಿಟಿಯ ಬಾಯಲ್ಲಿ ದೆವ್ವದ ಸುದ್ದಿಯೇ ಇಲ್ಲ. ಮಾವುಶಿ ಚಹಾ ಕೊಟ್ಟು, "ಬಹಳ ಶಾಂತವಾದ ಮನೆ, ಮೇಲೆ ಯಾರಾದರೂ ಇದ್ದಾರೆ ಅಂತಲೇ ಗೊತ್ತಾಗೋದಿಲ್ಲ" ಎಂದರು. ಕಾರು ನಿಲ್ಲಿಸಲು ಜಾಗವಿಲ್ಲವೆಂದು ಆ ಜೋಡಿ ಬೇರೆ ಮನೆ ನೋಡಿಕೊಂಡಿತು.

ಆಮೇಲೆ ಬಂದದ್ದು ನಮ್ಮ ಎಲೆಕ್ಟ್ರಿಷಿಯನ್. ವಿಜಯಪುರದ ಮುಸಲ್ಮಾನ, ಎಂಟು ವರ್ಷದಿಂದ ನಮ್ಮ ಪಂಪು, ಮೀಟರು, ಮೆಟ್ಟಿಲಿನ ದೀಪ ಎಲ್ಲ ಆತನ ಕೈಯಲ್ಲೇ. ಧಾರಾವಿಯಲ್ಲಿ ಆತ ಇದ್ದ ಖೋಲಿಯನ್ನು ಒಡೆಯುವವರಿದ್ದರು. ತಿಂಗಳ ಕೊನೆಗೆ ಜಾಗ ಬಿಡಬೇಕು. ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಆಸ್ಪತ್ರೆ ನಮ್ಮ ಬಿಲ್ಡಿಂಗ್‌ನಿಂದ ನಡೆದು ಹೋಗುವಷ್ಟು ದೂರ. ಪುಣೆಯ ಮಾಲೀಕರು ಒಪ್ಪಿದ್ದರು. ಕಮಿಟಿಯ ಒಪ್ಪಿಗೆ ಪತ್ರ ಒಂದು ಬೇಕಿತ್ತು.

ಕಮಿಟಿ ಸೇರಿತು. ಎಲ್ಲರ ಮುಖದ ಮೇಲೂ ಒಮ್ಮೆಲೇ ಕರುಣೆ.

"ಪಾಪ, ವಯಸ್ಸಾದ ತಾಯಿ" ಎಂದರು ಚೇರ್ಮನ್. "ಆ ಮನೆಗೆ ಹೇಗೆ ಹಾಕುವುದು?"

"ಕಾಯಿಲೆಯವರಿಗೆ ಭೂತದ ಕಾಟ ಬೇಗ ಹತ್ತುತ್ತದೆ" ಎಂದರು ಮಾವುಶಿ. ಉಳಿದಿಬ್ಬರು ತಲೆಯಾಡಿಸಿದರು.

ನಾನು ಪೆನ್ನಿನ ಟೋಪಿ ತೆಗೆದೆ. "ಆಕ್ಷೇಪಣೆಗೆ ಕಾರಣ ದೆವ್ವ, ಸರಿ. ಬೇರೆ ಯಾವುದಾದರೂ ಕಾರಣವಿದ್ದರೆ ಈಗಲೇ ಹೇಳಿ. ಹೇಳಿದವರ ಹೆಸರಿನ ಸಮೇತ ಬರೆದುಕೊಳ್ಳುತ್ತೇನೆ."

ನಾಲ್ವರೂ ಫ್ಯಾನ್ ನೋಡಿದರು. ಚೇರ್ಮನ್, "ಅದೊಂದೇ" ಎಂದರು. ಬರೆದೆ. ಸಹಿ ಮಾಡಿಸಿಕೊಂಡೆ.

ಕೆಳಗೆ ಎಲೆಕ್ಟ್ರಿಷಿಯನ್ ಕಾಯುತ್ತಿದ್ದ. ಸುದ್ದಿ ಕೇಳಿ ನಕ್ಕ. ನಗು ಪೂರ್ತಿ ಇರಲಿಲ್ಲ. "ಎಂಟು ವರ್ಷ ಪಂಪ್ ರೂಮಿನ್ಯಾಗ ಒಬ್ಬನ ಕುಂತೇನ್ರಿ ಸಾಹೇಬ್ರ, ಹುಷಾರ್ ಅಂತ ಯಾರೂ ಹೇಳಿದ್ದಿಲ್ಲ. ಈ ದೆವ್ವ ನಾ ಮನಿ ಕೇಳಿದ ಮ್ಯಾಲೆ ಹುಟ್ಟೇತೇನ್ರಿ?"

"ಮೊದಲಿಂದ ಅದ" ಎಂದೆ. "ಆದರ ಮಂದಿ ನೋಡಿ ಹೊರಗ ಬರತದ."

೪. ಒಂದು ಚಪ್ಪಲಿ

ನಾನು ಓದಿದ ಇಂಗ್ಲಿಷ್ ಶಾಲೆಯ ಪಾದ್ರಿಗಳು ವಿಜ್ಞಾನದ ತರಗತಿಯಲ್ಲಿ ಒಂದು ವಿಷಯ ತಲೆಗೆ ತುಂಬಿದ್ದರು: ಮೊದಲು ನೋಡು, ಆಮೇಲೆ ಬರೆ. ಆದ್ದರಿಂದ ಶನಿವಾರ ಬೆಳಗ್ಗೆ ಆರಕ್ಕೆ ಕೀ, ಪೆನ್ನು, ನೋಟುಪುಸ್ತಕ ತೆಗೆದುಕೊಂಡು ೪೦೧ಕ್ಕೆ ಹೊರಟೆ. ಹೆಂಡತಿ ಬಾಗಿಲಲ್ಲಿ ತಡೆದಳು.

"ಕಿಸೆದಾಗ ಏನದು, ಉಬ್ಬೇದ?"

"ಸ್ತೋತ್ರದ ಪುಸ್ತಕ."

"ದೆವ್ವ ಇಲ್ಲ ಅಂತೀರಿ."

"ಇಲ್ಲ."

"ಮತ್ತ ಹನುಮಪ್ಪನ್ನ ಯಾಕ ಜೋಡಿ ಕರಕೊಂಡು ಹೊಂಟೀರಿ?"

"ಇವತ್ತು ಶನಿವಾರ. ಅಲ್ಲೇ ಕುಂತು ಓದಿದರ ವ್ಯಾಳ್ಯಾ ಉಳೀತದ."

"ಹೌದ್ರಿ" ಎಂದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಆಕೆ 'ಹೌದ್ರಿ' ಎಂದಾಗಲೆಲ್ಲ ಅದರ ಅರ್ಥ 'ಅಲ್ಲ' ಎಂದೇ.

ಹುಡುಗರು ಬಿಟ್ಟುಹೋದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೆ. ಆರೂ ಮೂವತ್ತೊಂದಕ್ಕೆ ನಡುಮನೆಯ ಗೋಡೆಯ ಮೇಲಿನ ಬೆಲ್ ಬಾರಿಸಿತು. ಎದ್ದು ಹೋಗಿ ಬಾಗಿಲು ತೆಗೆದೆ. ಯಾರೂ ಇರಲಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಗಿಲ ಪಕ್ಕ ಒತ್ತುವ ಗುಂಡಿಯೇ ಇರಲಿಲ್ಲ. ಗುಂಡಿ ಇರಬೇಕಾದ ಕಡೆ ಸ್ಕ್ರೂ ಹಾಕಿದ ಎರಡು ತೂತು ಮಾತ್ರ ಇದ್ದವು.

ಲಿಫ್ಟಿಗೆ ಕಾಯುವುದು ಸರಿಯೆನಿಸಲಿಲ್ಲ. ಮೆಟ್ಟಿಲಿಳಿದು ಬಂದೆ. ಆಗಷ್ಟೇ ಬಂದ ಪೂಜೆಯ ಹೂವಿನ ಪೊಟ್ಟಣ ಹಿಡಿದುಕೊಂಡು ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನಾತ್ರಿ?"

"ಆರೂ ಮೂವತ್ತೊಂದಕ್ಕ ಬಾರಿಸ್ತು. ಹೊರಗ ಯಾರೂ ಇದ್ದಿಲ್ಲ. ಗುಂಡಿನೂ ಇಲ್ಲ. ಎಲ್ಲಾ ಬರಕೊಂಡೀನಿ."

ಆಕೆ ನನ್ನ ಕಾಲು ನೋಡಿದಳು. "ಇನ್ನೊಂದು ಚಪ್ಪಲಿ ಎಲ್ಲಿ?"

ಅದನ್ನು ಬರೆದುಕೊಂಡಿರಲಿಲ್ಲ.

೫. ಗುಂಡಿ ಇಲ್ಲದ ಬೆಲ್

ಚಪ್ಪಲಿ ತರಲು ನಾನೇ ಹೋಗಬಹುದಿತ್ತು. ಆದರೆ ತಾಂತ್ರಿಕ ಪರಿಶೀಲನೆಯೂ ಆಗಲಿ ಎಂದು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಆತ ಬಂದ, ಕೀ ತೆಗೆದುಕೊಂಡ.

"ನೀನು ದೆವ್ವ ನಂಬ್ತೀ ಏನಪಾ?" ಎಂದು ಕೇಳಿದೆ.

"ನಮ್ಮ ಕಿತಾಬಿನ್ಯಾಗ ಜಿನ್ನ ಅದಾವಂತ ಬರದೈತ್ರಿ. ನಂಬ್ತೇನಿ. ಆದ್ರ ಇಪ್ಪತ್ತು ವರ್ಷ ವೈರಿಂಗ್ ಮಾಡೇನಿ, ಒಂದ ಒಂದು ಮನ್ಯಾಗೂ ಜಿನ್ನ ಶಾಕ್ ಕೊಟ್ಟಿಲ್ರಿ. ಅರ್ಥಿಂಗ್ ಇರೂದಿಲ್ಲ, ಅಷ್ಟ."

ಅರ್ಧ ಗಂಟೆಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ಬಂದು, ಸಭ್ಯ ಮನುಷ್ಯನಾದ್ದರಿಂದ, ಬಾಗಿಲು ತೆರೆದಿದ್ದರೂ ನಮ್ಮ ಬೆಲ್ ಒತ್ತಿದ. ಮೇಲಿನಿಂದ ಮಾವುಶಿಯ ದನಿ ಬಂತು: "ಬಾರಿಸಿತು ನೋಡಿ."

ಆತ ತಲೆಯೆತ್ತಿದ. ಮತ್ತೊಮ್ಮೆ ಒತ್ತಿದ. "ಮತ್ತೆ" ಎಂದರು ಮಾವುಶಿ. ಮೂರನೆಯ ಸಲ ಒತ್ತುವಾಗ ಆತನ ಮುಖದಲ್ಲಿ ಪೂರ್ತಿ ನಗು ಇತ್ತು.

"ಸಾಹೇಬ್ರ, ಈ ವೈರ್ ಇಲ್ಲದ ಬೆಲ್ ಎಲ್ಲಿ ತಗೊಂಡ್ರಿ?"

"ಸ್ಟೇಷನ್ ಹೊರಗಿನ ಅಂಗಡಿ. ದೀಪಾವಳಿಗೆ."

"ಮ್ಯಾಲಿನ ಹುಡುಗ್ರೂ ಅಲ್ಲೇ ತಗೊಂಡಾರ್ರಿ. ಒಂದ ಮಾಲು, ಒಂದ ಕೋಡ್. ಹೋಗೂ ಮುಂದ ಗುಂಡಿ ಕಿತಗೊಂಡು ಹೋಗ್ಯಾರ, ಬೆಲ್ ಪ್ಲಗ್ಗಿನ್ಯಾಗ ಮರತಾರ. ಗುಂಡಿ ನಿಮ್ದು, ಸಪ್ಪಳ ಅಲ್ಲಿ."

ಕೂತು ಲೆಕ್ಕ ಹಾಕಿದೆ. ದಿನಾ ಬೆಳಗ್ಗೆ ಆರೂವರೆಗೆ ಹೂವಿನವನು ನಮ್ಮ ಹನುಮಪ್ಪನ ಹೂವು ತಂದು ಬೆಲ್ ಒತ್ತುತ್ತಾನೆ. ಶನಿವಾರ ಎಕ್ಕದ ಎಲೆಯ ಮಾಲೆ ಕೊಡಲು ಎರಡನೇ ಸಲ ಬರುತ್ತಾನೆ. ನಾವು ಊರಿಗೆ ಹೋದಾಗ ಬರುವುದಿಲ್ಲ. ಉಳಿದ ಹೊತ್ತು ನಮ್ಮ ಬೆಲ್ ಒತ್ತುತ್ತಿದ್ದವರು ಯಾರೆಂದರೆ, ದೆವ್ವ ಬೆಲ್ ಬಾರಿಸುತ್ತದೆಂದು ದೂರು ಕೊಡಲು ಬಂದವರು.

೬. ಕೊನೆಯ ದೂರು

ಈ ಸುದ್ದಿಯನ್ನು ಯಾರಿಗೂ ಹೇಳದೆ ಪ್ಲಗ್ ಕಿತ್ತುಬಿಡಬಹುದೆಂದು ಹೆಂಡತಿ ಸೂಚಿಸಿದಳು. ನಾನು ಒಪ್ಪಲಿಲ್ಲ. ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಸಭೆ ಕರೆದು, ತಪ್ಪು ನನ್ನದೆಂದು ಮೊದಲ ಸಾಲಿನಲ್ಲೇ ಬರೆದ ವರದಿಯನ್ನು ಎದ್ದು ನಿಂತು ಓದಿದೆ.

ಚೇರ್ಮನ್ ನನ್ನ ಕಡೆ ತಿರುಗಿದರು. "ಅಂದರೆ ಇಷ್ಟು ದಿನ ನಮ್ಮನ್ನು ಹೆದರಿಸಿದ್ದು ನಿಮ್ಮ ಹನುಮಂತ?"

"ಹನುಮಪ್ಪನ ಹೂವು."

"ಒಳ್ಳೆಯದಾಯಿತು ಬಿಡಿ. ಈಗ ಅವನಿಗೂ ಏಳು ಜನ ಸಾಕ್ಷಿ ಸಿಕ್ಕಿದರು."

ಅವರೆಲ್ಲ ನಕ್ಕು ಮುಗಿಸುವವರೆಗೆ ಕಾದೆ. ಆಮೇಲೆ ಹಿಂದಿನ ಸಭೆಯ ನಡಾವಳಿ ತೆರೆದೆ. "ಬಾಡಿಗೆಗೆ ಇದ್ದ ಆಕ್ಷೇಪಣೆ ಒಂದೇ, ಕಾರಣ ದೆವ್ವ. ಕೆಳಗೆ ನಿಮ್ಮ ನಾಲ್ವರ ಸಹಿ ಇದೆ. ದೆವ್ವ ಇಲ್ಲ. ಆದ್ದರಿಂದ ಆಕ್ಷೇಪಣೆಯೂ ಇಲ್ಲ."

ಒಬ್ಬ ಸದಸ್ಯರು ಏನೋ ಹೇಳಲು ಬಾಯಿ ತೆರೆದರು. ನಾನು ಪೆನ್ನಿನ ಟೋಪಿ ತೆಗೆದೆ. ಅವರು ಬಾಯಿ ಮುಚ್ಚಿಕೊಂಡರು. ಒಪ್ಪಿಗೆ ಪತ್ರಕ್ಕೆ ಅಲ್ಲೇ ಸಹಿಯಾಯಿತು. ಮೂವತ್ತನೇ ತಾರೀಖಿಗೆ ಎಲೆಕ್ಟ್ರಿಷಿಯನ್ ತಾಯಿಯನ್ನು ಕೈ ಹಿಡಿದು ಲಿಫ್ಟಿಗೆ ಹತ್ತಿಸಿಕೊಂಡು ಬಂದ. ನಮ್ಮ ಬಾಗಿಲಿಗೆ ವೈರಿನ ಬೆಲ್ ಕೂರಿಸಿಕೊಟ್ಟ.

ಒಂದು ವಾರ ಕಳೆಯಿತು. ಮಾವುಶಿ ಮತ್ತೆ ರಿಜಿಸ್ಟರು ಕೇಳಿಕೊಂಡು ಬಂದರು, ಮುಖ ಬಾಡಿತ್ತು. ನಮ್ಮಲ್ಲಿ ಕುಡಿಯುವ ನೀರು ಬಿಡುವುದು ಬೆಳಗ್ಗೆ ಆರೂವರೆಯಿಂದ ಏಳೂಕಾಲಿನವರೆಗೆ ಮಾತ್ರ. ದೆವ್ವ ಬಾರಿಸುತ್ತಿದ್ದಾಗ ಅವರು ದಿನಾ ಹೊತ್ತಿಗೆ ಸರಿಯಾಗಿ ಎದ್ದು ನೀರು ತುಂಬುತ್ತಿದ್ದರಂತೆ. ಈಗ ಮೂರು ದಿನ ನಿದ್ದೆ ಹತ್ತಿ ಕೊಡಗಳು ಖಾಲಿ. ದೂರು ಹೀಗಿತ್ತು: 'ಸೆಕ್ರೆಟರಿಯವರು ನನ್ನನ್ನು ಕೇಳದೆ ಭೂತವನ್ನು ತೆಗೆಸಿದ್ದಾರೆ.'

ಮೀಟರ್ ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್ ಇದನ್ನು ಕೇಳಿಸಿಕೊಂಡ. "ನನ್ನ ಹೇಂತಿ ನಮಾಜಿಗೆ ಎದ್ದಿರ್ತಾಳ್ರಿ. ಆರೂವರೆಗೆ ಹಾಲಿಗೆ ಕೆಳಗ ಇಳೀತಾಳ. ಹೋಗ್ತಾ ಮಾವುಶೀರ ಗುಂಡಿ ಒತ್ತಿ ಹೋಗ್ಲಿ ಬಿಡ್ರಿ."

ಅಂದಿನಿಂದ ಇಂದಿನವರೆಗೆ ಅದು ತಪ್ಪಿಲ್ಲ. ಮಾವುಶಿ ಅವಳನ್ನು ಕರೆಯುವುದೇ "ಆಮ್ಚಂ ಭೂತ" ಎಂದು. ನಮ್ಮ ಭೂತ. ಆಸ್ಪತ್ರೆಯ ದಿನ ಅತ್ತೆ ಸೊಸೆ ಬರುವುದು ತಡವಾದರೆ ೩೦೧ರಿಂದ ಊಟದ ಡಬ್ಬಿ ಮೇಲೆ ಹೋಗುತ್ತದೆ. ಬೈಲಾದಲ್ಲಿ ಇದಕ್ಕೆ ಅಡ್ಡಿಯೇನೂ ಇಲ್ಲವೆಂದು ನೋಡಿಕೊಂಡಿದ್ದೇನೆ.

ಈ ರಂಜಾನ್ ಹಬ್ಬದ ಮರುದಿನ ರಿಜಿಸ್ಟರು ತೆರೆದಾಗ ಮಾವುಶಿಯ ಅಕ್ಷರದಲ್ಲಿ ಹೊಸ ದೂರೊಂದಿತ್ತು. ಕಾಲಂಗಳೆಲ್ಲ ಸರಿಯಾಗಿ ತುಂಬಿದ್ದವು, ತಾರೀಖೂ ಇತ್ತು, ಸಹಿಯೂ ಇತ್ತು. 'ಯಾರ ಮೇಲೆ ದೂರು: ಭೂತ, ೪೦೧. ವಿವರ: ನಿನ್ನೆ ಇಪ್ಪತ್ತು ನಿಮಿಷ ತಡವಾಗಿ ಬಂತು. ಬರುವಾಗ ಹಬ್ಬದ ಪಾಯಸ, ಸುರಕುಂಬಾ ತಂದಿತ್ತು. ದೂರು ಹಿಂದಕ್ಕೆ ತೆಗೆದುಕೊಂಡಿದ್ದೇನೆ.'